ಗಾಳಿ ಎಲ್ಲರದೂ: ಟಿಳಕವಾಡಿಯ ಸಾಲ್ಸಾ ಗುಂಪಿನ ಒಂದು ಪ್ರಕರಣ

ಇಲ್ಲಿ ಬರುವವರ ಹೆಸರು ಬರೆದಿಲ್ಲ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಒಬ್ಬ ಸದಸ್ಯೆಯ ಉಸಿರಾಟದ ತೊಂದರೆಯ ಸುತ್ತ ಒಂದು ಒಳ್ಳೆಯ ಗುಂಪು ಒಡೆಯುವ ಹಂತಕ್ಕೆ ಬಂದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಆ ತೊಂದರೆಯನ್ನು ನೋಡಿಕೊಳ್ಳುವ ಕೆಲಸ ಯಾರದು ಎಂಬುದನ್ನು ಯಾರೂ ಹೇಳದೆ ಬಿಟ್ಟದ್ದರಿಂದಲೇ ಅಷ್ಟು ದೂರ ಹೋಯಿತು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೇರೆ ಊರುಗಳ ನೃತ್ಯಗುಂಪುಗಳಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಬೆಳಗಾವಿಯ ಟಿಳಕವಾಡಿಯಲ್ಲಿ, ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ನಮ್ಮ ಹಾಲ್ ಇದೆ. ರವಿವಾರ ಸಂಜೆ ಅಲ್ಲಿ ಸಾಲ್ಸಾ ಮತ್ತು ಬಚಾಟಾ ಕುಣಿಯುತ್ತೇವೆ. ಮೊದಲು ಹೊಸಬರಿಗೆ ಹೆಜ್ಜೆ ಹೇಳಿಕೊಡುವುದು, ಆಮೇಲೆ ‘ಸೋಶಿಯಲ್’. ಅಂದರೆ ಹಾಡು ಹಚ್ಚಿ, ಯಾರು ಬೇಕಾದರೂ ಯಾರನ್ನಾದರೂ ಕೇಳಿ ಒಂದು ಹಾಡು ಕುಣಿಯುವುದು, ಅದು ಮುಗಿದ ಮೇಲೆ ಬೇರೆಯವರ ಕೈ ಹಿಡಿಯುವುದು. ಮೆಡಿಕಲ್, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಕ್ಯಾಂಪಿನಲ್ಲಿರುವ ಸೈನ್ಯದ ಮನೆಯವರು, ಬ್ಯಾಂಕಿನವರು, ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಮುಗಿಸಿ ನೇರ ಬರುವ ಒಬ್ಬ ಹುಡುಗ, ಹೀಗೆ ಎಲ್ಲ ಥರದವರೂ ಬರುತ್ತಾರೆ. ಗೋವಾ ಹತ್ತಿರವಿರುವುದರಿಂದ ಚೋರ್ಲಾ ಘಾಟ್ ಇಳಿದು ಅಲ್ಲಿನ ಸೋಶಿಯಲ್‌ಗಳಿಗೆ ಹೋಗಿಬರುವವರಿದ್ದಾರೆ. ನಮ್ಮಲ್ಲಿಗೆ ಈ ಕುಣಿತ ಬಂದದ್ದೂ ಅದೇ ದಾರಿಯಲ್ಲಿ.

ಸಾಲ್ಸಾ 1960–70ರ ದಶಕಗಳ ನ್ಯೂಯಾರ್ಕಿನಲ್ಲಿ, ಕ್ಯೂಬಾದ ಸೋನ್ ಮತ್ತು ಮಾಂಬೋ ಎಂಬ ಹಾಡು-ಕುಣಿತಗಳ ಮೇಲೆ ಬೆಳೆದದ್ದು. ಬಚಾಟಾ ಡೊಮಿನಿಕನ್ ಗಣರಾಜ್ಯದ್ದು, 2019ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಎರಡೂ ಜೋಡಿ ಕುಣಿತಗಳೇ. ಬಚಾಟಾದಲ್ಲಂತೂ ಒಬ್ಬರ ಮೂಗು ಇನ್ನೊಬ್ಬರ ಭುಜದ ಹತ್ತಿರವೇ ಇರುತ್ತದೆ. ಅದಕ್ಕೇ ಹೊಸಬರಿಗೆ ಹೆಜ್ಜೆಗಿಂತ ಮೊದಲು ಸ್ವಚ್ಛತೆಯ ಪಾಠ ಆಗುತ್ತದೆ: ಸ್ನಾನ ಮಾಡಿ ಬರ್ರಿ, ಒಂದು ಹೆಚ್ಚಿನ ಟೀ ಶರ್ಟ್ ತರ್ರಿ, ಬೆವರಿನ ವಾಸನೆ ಬಾರದಂತೆ ನೋಡಿಕೊಳ್ಳ್ರಿ. ಇದನ್ನು ಕೇಳಿದ ಹುಡುಗರು ಮೆಟ್ಟಿಲ ಮೇಲೆ ನಿಂತು ಬಾಡಿ ಸ್ಪ್ರೇ ಹೊಡೆದುಕೊಂಡು ಒಳಗೆ ಬರುತ್ತಿದ್ದರು. ಅವರು ಮಾಡುತ್ತಿದ್ದದ್ದು ನಾವು ಹೇಳಿದ್ದನ್ನೇ.

ಅಕ್ಕಾ

ಈ ಪ್ರಕರಣದ ನಡುವಿರುವವರನ್ನು ಗುಂಪಿನಲ್ಲಿ ಎಲ್ಲರೂ ಅಕ್ಕಾ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಚಿಕ್ಕಂದಿನಿಂದ ದಮ್ಮು ಇದೆ, ಅಂದರೆ ಅಸ್ತಮಾ. ಪರ್ಸಿನಲ್ಲಿ ಪಂಪ್, ಅಂದರೆ ಇನ್‌ಹೇಲರ್, ಇಟ್ಟುಕೊಂಡೇ ಇರುತ್ತಾರೆ.

ಅವರಿಲ್ಲದಿದ್ದರೆ ಈ ಗುಂಪೇ ಇರುತ್ತಿರಲಿಲ್ಲ ಎಂದರೆ ಹೆಚ್ಚು ಹೇಳಿದಂತಲ್ಲ. ಗಂಡು ಹೆಣ್ಣು ಕೈ ಹಿಡಿದು ಕುಣಿಯುವ ಜಾಗಕ್ಕೆ ಮಗಳನ್ನು ಕಳಿಸಲು ನಮ್ಮ ಕಡೆಯ ತಂದೆತಾಯಿಗಳು ಸುಲಭಕ್ಕೆ ಒಪ್ಪುವುದಿಲ್ಲ. ಅಕ್ಕಾ ಅಂಥವರ ಮನೆಗೇ ಹೋಗಿ ಚಹಾ ಕುಡಿದು, ‘ನಾ ಇರ್ತೀನಿ, ನಾನ ಮನಿಗೆ ಬಿಡ್ತೀನಿ’ ಎಂದು ಹೇಳಿ ಬಂದಿದ್ದಾರೆ. ಹೇಳಿದ ಹಾಗೆ ರಾತ್ರಿ ಹುಡುಗಿಯರನ್ನು ತಮ್ಮ ಗಾಡಿಯಲ್ಲಿ ಮನೆ ಮುಟ್ಟಿಸಿದ್ದಾರೆ. ಯಾರದಾದರೂ ಕಾಲು ಉಳುಕಿದರೆ ಕ್ರೇಪ್ ಬ್ಯಾಂಡೇಜ್ ಅವರ ಚೀಲದಲ್ಲೇ ಇರುತ್ತದೆ. ಥರ್ಮಾಸಿನಲ್ಲಿ ಶುಂಠಿ ಹಾಕಿದ ಚಹಾ ತರುತ್ತಾರೆ. ಹೊಸಬರು ಗೋಡೆಗೆ ಆತು ನಿಂತಿದ್ದರೆ ತಾವೇ ಹೋಗಿ ಕರೆದು ಕುಣಿಯುತ್ತಾರೆ.

ಅದೇ ಕಾಳಜಿ ಕೆಲವೊಮ್ಮೆ ಕೇಳದೆಯೂ ಬರುತ್ತಿತ್ತು. ಮೊಡವೆ ಇದ್ದ ಹುಡುಗಿಗೆ ಹಾಲು ಬಿಡು ಎನ್ನುವುದು, ಕೆಮ್ಮಿದವರ ಕೈಗೆ ಅಜವಾನ ಮತ್ತು ಕರ್ಪೂರದ ಪೊಟ್ಟಣ ಕೊಡುವುದು, ಆರೋಗ್ಯದ ಸಂದೇಶಗಳನ್ನು ಎಲ್ಲರಿಗೂ ಕಳಿಸುವುದು. ಒಮ್ಮೆ ಆ ಕರ್ಪೂರದ ವಾಸನೆಗೆ ಇನ್ನೊಬ್ಬ ಸದಸ್ಯನಿಗೆ ಅರ್ಧತಲೆನೋವು ಎದ್ದಿತ್ತು. ಅವನು ಯಾರಿಗೂ ಹೇಳದೆ ಮನೆಗೆ ಹೋದ. ಇದು ನಮಗೆ ತಿಳಿದದ್ದು ಬಹಳ ತಡವಾಗಿ, ಈ ವಿಷಯ ಬಹಿರಂಗವಾಗಿ ಚರ್ಚೆಗೆ ಬಂದಾಗ.

ಶ್ರಾವಣದ ಒಂದು ಸಂಜೆ

ಬೆಳಗಾವಿಯ ಮಳೆಗಾಲ ಗೊತ್ತಿದ್ದವರಿಗೆ ಆ ಹಾಲ್‌ನ ಸ್ಥಿತಿ ಹೇಳಬೇಕಾಗಿಲ್ಲ. ಹೊರಗೆ ಬಿಡದೆ ಜಿಟಿಜಿಟಿ ಮಳೆ. ಇರಚಲು ಒಳಗೆ ಬಾರದಿರಲೆಂದು, ಹಾಡಿನ ಸಪ್ಪಳಕ್ಕೆ ಎದುರುಮನೆಯವರು ಬೇಸರಿಸಬಾರದೆಂದು, ಎಲ್ಲ ಕಿಡಕಿಗಳನ್ನೂ ಮುಚ್ಚಿದ್ದೆವು. ನೆಲ ಥಂಡಿಗೆ ಜಿಗುಟಾಗಿ ಬೂಟು ತಿರುಗುತ್ತಿರಲಿಲ್ಲ. ಸಾಲ್ಸಾದಲ್ಲಿ ಪಾದ ಸಲೀಸಾಗಿ ತಿರುಗದಿದ್ದರೆ ಮೊಣಕಾಲು ತಿರುಚುತ್ತದೆ. ಹಾಗಾಗಿ ಒಬ್ಬ ಹುಡುಗ ಟಾಲ್ಕಂ ಪೌಡರ್ ಡಬ್ಬಿ ತಂದು ನೆಲದ ಮೇಲೆ ಉದ್ದಕ್ಕೂ ಉದುರಿಸಿದ. ಕುಣಿಯುವವರು ಬಹಳ ಕಡೆ ಇದನ್ನು ಮಾಡುತ್ತಾರೆ. ಪೌಡರ್ ಇಲ್ಲದಿದ್ದರೆ ಕೇರಂ ಪುಡಿ. ಕುರ್ಚಿಗಳ ಕೆಳಗೆ ಸೊಳ್ಳೆ ಬತ್ತಿ ಹೊಗೆಯಾಡುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದರು. ಇಷ್ಟರ ಮೇಲೆ, ಮೊದಲ ಸಲ ಬಂದಿದ್ದ ಹುಡುಗನೊಬ್ಬ ಮೆಟ್ಟಿಲ ಮೇಲೆ ಸ್ಪ್ರೇ ಹೊಡೆದುಕೊಂಡು ಬಂದು, ನೇರ ಅಕ್ಕಾನ ಹತ್ತಿರ ಹೋಗಿ ಕುಣಿಯಲು ಕೇಳಿದ.

ಹಾಡಿನ ನಡುವೆ ಅಕ್ಕಾ ಕೈ ಬಿಟ್ಟು ಹೊರಗೆ ನಡೆದರು. ದಣಿವಾಗಿರಬೇಕು ಎಂದುಕೊಂಡು ಒಳಗಿದ್ದವರು ಮುಂದುವರಿದರು. ಫೋನಿನಲ್ಲಿ ಮಾತಾಡಲು ಹೊರಗೆ ಹೋದ ಹುಡುಗಿಯೊಬ್ಬಳು ಅವರನ್ನು ಮೆಟ್ಟಿಲ ಮೇಲೆ ನೋಡಿದಳು. ಕಟಾಂಜನ ಹಿಡಿದು, ಮುಂದಕ್ಕೆ ಬಾಗಿ ಕೂತಿದ್ದರು. ಉಸಿರಿನ ಜೊತೆ ಸೀಟಿಯಂಥ ದನಿ ಬರುತ್ತಿತ್ತು. ಅವಳು ಓಡಿಬಂದು ಚೀಲ ಹುಡುಕಿ ಪಂಪ್ ಒಯ್ದಳು. ಸ್ವಲ್ಪ ಹೊತ್ತಿನಲ್ಲಿ ಸರಿಹೋಯಿತು. ಅಂದು ರಾತ್ರಿ ಅಕ್ಕಾ ಎಂದಿನಂತೆ ಹುಡುಗಿಯರನ್ನು ಮನೆಗೆ ಬಿಟ್ಟೇ ಹೋದರು.

ಮರುದಿನ ಅವರಿಂದ ಎಲ್ಲರಿಗೂ ಒಂದು ಉದ್ದ ಸಂದೇಶ ಬಂತು. ಸೆಂಟು, ಡಿಯೋ, ಸುಗಂಧದ ಕೂದಲೆಣ್ಣೆ, ಮಲ್ಲಿಗೆ ದಂಡೆ, ಊದಿನಕಡ್ಡಿ, ಬಟ್ಟೆಗೆ ಹಾಕುವ ಕಂಫರ್ಟ್, ಟ್ರಂಕಿನ ಡಾಂಬರ್ ಗುಳಿಗೆಯ ವಾಸನೆ ಇರುವ ಸೀರೆ, ಯಾವುದೂ ಬೇಡ. ಕೊನೆಗೆ, ಇವೆಲ್ಲ ನಿಮಗೂ ಹೇಗೆ ವಿಷ ಎಂಬ ವಿವರಣೆ. ಎಲ್ಲರೂ ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದರು. ಮುಂದಿನ ರವಿವಾರದಿಂದ ಅಕ್ಕಾ ಬಾಗಿಲಲ್ಲೇ ನಿಲ್ಲತೊಡಗಿದರು. ನಗುನಗುತ್ತಲೇ ಮಾತಾಡಿಸುತ್ತಿದ್ದರು, ಆದರೆ ಹಾಗೇ ಹತ್ತಿರ ಬಾಗಿ ಕಾಲರ್ ಮೂಸುತ್ತಿದ್ದರು.

ಇದರಿಂದ ಆದದ್ದನ್ನು ಒಂದೊಂದಾಗಿ ಹೇಳಬೇಕು. ತಾಯಿ ಗುಡಿಯಿಂದ ತಂದು ಮುಡಿಸಿದ ಮಲ್ಲಿಗೆಯನ್ನು ಒಬ್ಬ ಹುಡುಗಿ ಬಾಗಿಲಲ್ಲೇ ತೆಗೆದು ಕಿಡಕಿಯ ಮೇಲಿಟ್ಟಳು, ಇಡೀ ಸಂಜೆ ಮಾತಾಡಲಿಲ್ಲ, ಮತ್ತೆ ಬರಲಿಲ್ಲ. ಹಬ್ಬದ ದಿನ ಅತ್ತರು ಹಚ್ಚಿಕೊಂಡಿದ್ದ ಹುಡುಗ ಬಾಗಿಲಿನಿಂದಲೇ ತಿರುಗಿ ಹೋದ. ಫೌಂಡ್ರಿಯ ಹುಡುಗನಿಗೆ ಇನ್ನೊಂದು ಸಂಕಟ: ಡಿಯೋ ಹಾಕಿದರೆ ಅಕ್ಕಾಗೆ ತ್ರಾಸು, ಹಾಕದಿದ್ದರೆ ಜೊತೆಗೆ ಕುಣಿಯುವವರಿಗೆ ತ್ರಾಸು. ಅವನೂ ಬರುವುದನ್ನು ಬಿಟ್ಟ. ಬರುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಅಕ್ಕಾನ ಎದುರು ಯಾರೂ ಒಂದು ಮಾತೂ ಆಡಲಿಲ್ಲ, ಹಿಂದೆ ಎಲ್ಲರೂ ಆಡಿದರು. ‘ಅಷ್ಟ ತ್ರಾಸ ಇದ್ರ ಯಾಕ ಬರಬೇಕು’ ಎಂಬ ಮಾತು ನನ್ನ ಕಿವಿಗೆ ಬಿದ್ದ ದಿನ, ಇನ್ನು ಸುಮ್ಮನಿದ್ದರೆ ಆಗದು ಎನಿಸಿತು.

ನಮ್ಮೊಳಗಿನ ವಾದ

ಗುಂಪು ನಡೆಸುವವರು ಕೂತೆವು. ನಮ್ಮಲ್ಲಿ ಹಿರಿಯರಾದ ಕಾಕಾ ಒಬ್ಬರು, ಡಾಕ್ಟರ ಚೀಟಿ ತರಲಿ, ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಬಂದ್ ಮಾಡೋಣ ಎಂದರು. ನೋಡಲು ಇದು ನ್ಯಾಯವಾಗಿಯೇ ಕಾಣುತ್ತದೆ. ನಾನು ಒಪ್ಪಲಿಲ್ಲ. ರವಿವಾರ ಕುಣಿಯಲು ಸೇರುವವರಿಗೆ ಇನ್ನೊಬ್ಬರ ರೋಗದ ಕಾಗದ ನೋಡುವ ಅಧಿಕಾರ ಎಲ್ಲಿಂದ ಬಂತು? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ, ಅಸ್ತಮಾ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಾನೂನು ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಒಂದು ವಿಚಾರವಿದೆ: ವ್ಯಕ್ತಿಗೆ ಅಗತ್ಯವಾದ, ತಕ್ಕದಾದ ಬದಲಾವಣೆ ಮಾಡಬೇಕು, ಅದು ಉಳಿದವರ ಮೇಲೆ ಅತಿಯಾದ ಹೊರೆ ಆಗಬಾರದು. ಕಾನೂನು ಕೇಳದಿದ್ದರೂ ಈ ಅಳತೆ ನಮಗೆ ಸಾಕು ಎಂದೆ. ‘ಅಗತ್ಯ’ ಯಾವುದು, ‘ಅತಿ’ ಯಾವುದು ಎಂದು ತಿಳಿಯಬೇಕಾದರೆ ಅಕ್ಕಾನ ಜೊತೆಗೇ ಕೂತು ಮಾತಾಡಬೇಕು. ಅದನ್ನು ಆ ತನಕ ಯಾರೂ ಮಾಡಿರಲಿಲ್ಲ.

ಮಾಸ್ಕ್ ಹಾಕಿಕೊಳ್ಳಲಿ ಎಂದು ಇನ್ನೊಬ್ಬರು. ಅಕ್ಕಾ ಅದನ್ನೂ ಮಾಡಿ ನೋಡಿದ್ದರು. ಎನ್95 ಮಾಸ್ಕ್ ಧೂಳು, ಹೊಗೆಯ ಕಣಗಳನ್ನು ತಡೆಯುತ್ತದೆ, ಆದರೆ ಸೆಂಟಿನ ಆವಿ ಅದರೊಳಗಿಂದ ಹಾಯ್ದು ಬರುತ್ತದೆ. ಮೇಲಾಗಿ ಮಾಸ್ಕ್ ಹಾಕಿ ಸಾಲ್ಸಾ ಕುಣಿದರೆ ಯಾರಿಗಾದರೂ ಏದುಸಿರು. ತಿಂಗಳಿಗೊಂದು ‘ಸುಗಂಧವಿಲ್ಲದ ಸಂಜೆ’ ಮಾಡಿ ಅಕ್ಕಾ ಅವತ್ತು ಮಾತ್ರ ಬರಲಿ ಎಂಬ ಸಲಹೆಯನ್ನು ನಾನು ಅಲ್ಲಿಗೇ ಬಿಡಿಸಿದೆ. ಗುಂಪು ಕಟ್ಟಿದವರನ್ನು ತಿಂಗಳಿಗೊಮ್ಮೆ ಕರೆಯುವುದು ಅವರನ್ನು ಹೊರಗಿಟ್ಟಂತೆಯೇ.

ಇದೆಲ್ಲ ಮನಸ್ಸಿನದು, ಸುಮ್ಮನೆ ಹೆದರಿಕೆ ಎಂದೂ ಒಬ್ಬರು ಹೇಳಿದರು. ಈ ಮಾತಿನ ಮೇಲೆ ನಿಲ್ಲಬೇಕು. ವಾಸನೆ, ರುಚಿಗಳನ್ನು ಅಭ್ಯಾಸ ಮಾಡುವ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 17 ಮಂದಿ ಅಸ್ತಮಾ ಇದ್ದವರಿಗೆ ಗುಲಾಬಿಯ ಪರಿಮಳವಿರುವ, ತೊಂದರೆ ಕೊಡದ ಒಂದೇ ವಸ್ತುವನ್ನು 15 ನಿಮಿಷ ಮೂಸಲು ಕೊಟ್ಟರು. ಕೆಲವರಿಗೆ ಇದು ಉಸಿರಾಟಕ್ಕೆ ತೊಂದರೆ ಮಾಡಬಹುದು ಎಂದು ಹೇಳಿದ್ದರು, ಉಳಿದವರಿಗೆ ಇದರಿಂದ ಒಳ್ಳೆಯದಾಗಬಹುದು ಎಂದು. ಮೊದಲ ಮಾತು ಕೇಳಿದವರ ಶ್ವಾಸನಾಳಗಳ ಉರಿಯೂತ ಏರಿತು, ಮರುದಿನವೂ ಇಳಿದಿರಲಿಲ್ಲ. ನನಗೆ ಇದರಿಂದ ತಿಳಿದದ್ದು ಎರಡು ಸಂಗತಿ. ಹೆದರಿಕೆಯಿಂದ ಬಂದ ಉರಿಯೂತವೂ ನಿಜವಾದ ಉರಿಯೂತವೇ, ಅದನ್ನು ನಾಟಕ ಎನ್ನುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ, ಬಾಗಿಲಲ್ಲಿ ನಿಂತು ಬಂದವರೆಲ್ಲರ ಕಾಲರಿನಲ್ಲಿ ಅಪಾಯ ಹುಡುಕುವ ಕೆಲಸ ಅಕ್ಕಾನ ಆರೋಗ್ಯಕ್ಕೇ ಒಳ್ಳೆಯದಲ್ಲ. ಆ ಕೆಲಸದಿಂದ ಅವರನ್ನು ಬಿಡಿಸಬೇಕಿತ್ತು, ಅವರ ಸಲುವಾಗಿಯೇ.

ಕೂತು ಮಾತಾಡಿದ್ದು

ಹೆಜ್ಜೆ ಹೇಳಿಕೊಡುವ ಹುಡುಗ ಮತ್ತು ನಾನು ಅವರ ಮನೆಗೆ ಹೋದೆವು. ಪಟ್ಟಿಯ ಮಾತು ಎತ್ತಲೇ ಇಲ್ಲ. ‘ಅಕ್ಕಾ, ಆ ದಿವಸ ಮೊದಲ ಏನಾತು, ಆಮ್ಯಾಲೆ ಏನಾತು, ಒಂದೊಂದ ಹೇಳ್ರಿ’ ಎಂದೆ.

‘ಹಾಡು ಮುಗಿಯೂಕಿಂತ ಮೊದಲ ಎದಿ ಬಿಗದಂಗಾತು. ಹೊರಗ ಬಂದ್ನಿ. ಪಂಪ್ ಚೀಲದಾಗ ಇತ್ತು, ಚೀಲ ಒಳಗ ಇತ್ತು. ಕೂಗಬೇಕಂದ್ರ ದನಿ ಹೊಂಡವಲ್ದು. ಒಳಗ ಹಾಡು ನಡದಿತ್ತು, ಎಲ್ಲಾರೂ ಕುಣ್ಯಾಕತ್ತಿದ್ರು. ಮೆಟ್ಟಲ ಮ್ಯಾಲೆ ನಾ ಒಬ್ಬಾಕಿನ ಕುಂತಿದ್ನಿ.’ ಸ್ವಲ್ಪ ಸುಮ್ಮನಿದ್ದು, ‘ಇಷ್ಟ ಮಂದಿ ಇದ್ರೂ ನನಗ ಏನಾಗೇತಿ ಅಂತ ಒಬ್ರಿಗೂ ಗೊತ್ತಾಗಲಿಲ್ಲ’ ಎಂದರು.

ಸೆಂಟಿಗಿಂತ ದೊಡ್ಡ ಗಾಯ ಇದು. ಅವರ ಪಟ್ಟಿ ಅಷ್ಟು ಉದ್ದವಾದದ್ದು, ಅವರು ಬಾಗಿಲಿಗೆ ಬಂದು ನಿಂತದ್ದು, ಎರಡೂ ಆ ಮೆಟ್ಟಿಲ ಮೇಲಿನ ಹೊತ್ತಿನಿಂದ ಹುಟ್ಟಿದ್ದು. ಬಾಗಿಲ ಕೆಲಸ ನೀವು ಬಿಡಬೇಕು ಎಂದು ನಾನು ಹೇಳಿದಾಗ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: ‘ನಾ ಹೇಳಲಿಲ್ಲಂದ್ರ ಯಾರ ಹೇಳ್ತಾರವಾ? ನೀ ಹೇಳ್ತೀಯೇನು?’

ನಾನು ಹೇಳ್ತೀನಿ ಎಂದೆ. ಮುಂದೆ ಮಾಡಿದ್ದೆಲ್ಲ ಆ ಒಂದು ಮಾತನ್ನು ಉಳಿಸಿಕೊಳ್ಳಲು.

ಆಮೇಲೆ ಪಟ್ಟಿ ತೆಗೆದೆವು. ಒಂದೊಂದಕ್ಕೂ ಎರಡೇ ಪ್ರಶ್ನೆ: ಇದರಿಂದ ಪಂಪ್ ತೆಗೆಯುವ ಪ್ರಸಂಗ ಬಂದಿದೆಯೇ, ಇಲ್ಲಾ ಬರೀ ಸೇರುವುದಿಲ್ಲವೇ? ಅಕ್ಕಾ ಬಹಳ ಪ್ರಾಮಾಣಿಕವಾಗಿ ಉತ್ತರಿಸಿದರು. ಹೊಗೆ, ಅದು ಸೊಳ್ಳೆ ಬತ್ತಿಯದಿರಲಿ, ಊದಿನಕಡ್ಡಿಯದಿರಲಿ, ಖಂಡಿತ. ಹಾರುವ ಪೌಡರ್ ಖಂಡಿತ. ಆಗಷ್ಟೇ ಹೊಡೆದ ಸ್ಪ್ರೇ ಖಂಡಿತ, ಮುಂಜಾನೆ ಹಾಕಿದ್ದು ಅಷ್ಟಿಲ್ಲ. ಫಿನಾಯಿಲ್ ಹಸಿಯಿದ್ದರೆ ಹೌದು. ಮಲ್ಲಿಗೆಯಿಂದ ತಲೆ ಭಾರ, ಉಸಿರಿಗೇನೂ ಆಗಿಲ್ಲ. ಡಾಂಬರ್ ಗುಳಿಗೆ, ಕಂಫರ್ಟ್ ಎರಡೂ ಸೇರುವುದಿಲ್ಲ, ಅಷ್ಟೇ. ಪಟ್ಟಿಯ ಅರ್ಧ ಅಲ್ಲೇ ಅವರೇ ಹೊಡೆದುಹಾಕಿದರು.

ಆ ಮಾತುಕತೆಯ ಮೇಲೆ ಅವರು ತಮ್ಮ ಡಾಕ್ಟರ ಹತ್ತಿರವೂ ಹೋಗಿಬಂದರು. ಆರಾಮ ಅನಿಸಿದ್ದರಿಂದ ದಿನಾ ತೆಗೆದುಕೊಳ್ಳುವ ಪಂಪನ್ನು ಬಿಟ್ಟು, ಬಿಗಿದಾಗ ಮಾತ್ರ ಸಾಲ್ಬುಟಮಾಲ್ ಪಂಪ್ ಒತ್ತುತ್ತಿದ್ದರಂತೆ. ಬಹಳ ಜನ ಹೀಗೇ ಮಾಡುತ್ತಾರೆ. ಸಾಲ್ಬುಟಮಾಲ್ ಬಿಗಿದ ನಾಳವನ್ನು ಸಡಿಲಿಸುತ್ತದೆ, ಒಳಗಿನ ಉರಿಯೂತವನ್ನು ಇಳಿಸುವುದಿಲ್ಲ. ಅಸ್ತಮಾ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಗಿನಾ ಕೂಡ 2019ರಿಂದ ಅದೊಂದರ ಮೇಲೇ ಇರಬೇಡಿ ಎನ್ನುತ್ತದೆ. ಡಾಕ್ಟರು ದಿನದ ಔಷಧ ಮತ್ತೆ ಶುರು ಮಾಡಿದರು. ಇದನ್ನು ಅಕ್ಕಾ ತಾವಾಗಿ ಹೇಳಿದ್ದರಿಂದ, ಬರೆಯಲೂ ಒಪ್ಪಿದ್ದರಿಂದ ಬರೆದಿದ್ದೇನೆ. ಗುಂಪು ಅದನ್ನು ಕೇಳುವಂತಿರಲಿಲ್ಲ.

ಹಾಲ್‌ನಲ್ಲಿ ಬದಲಾದದ್ದು

ನಾವು ಹಿಡಿದ ಗೆರೆ ಇದು: ಹಾಲ್‌ನ ಗಾಳಿ ಎಲ್ಲರದೂ, ಅದರ ಮೇಲೆ ನಿಯಮ ಮಾಡಬಹುದು. ಒಬ್ಬರ ಮೈ, ಮುಡಿ, ಬಟ್ಟೆ ಅವರವರದು, ಅದರ ಬಗ್ಗೆ ವಿನಂತಿ ಮಾಡಬಹುದು, ತಪಾಸಣೆ ಮಾಡುವಂತಿಲ್ಲ.

ಗಾಳಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಹಾಲ್, ಮೆಟ್ಟಿಲು, ಪಾಯಖಾನೆ, ಎಲ್ಲಿಯೂ ಸ್ಪ್ರೇ ಹೊಡೆಯುವಂತಿಲ್ಲ. ಸೊಳ್ಳೆ ಬತ್ತಿ ಬಂದ್. ಇದಕ್ಕೆ ಮೊದಲು ಗೊಣಗಾಟವಾಯಿತು, ಡೆಂಗಿ ಕಾಲದಲ್ಲಿ ಬತ್ತಿ ಬೇಡವೆಂದರೆ ಹೇಗೆ ಎಂದು. ಮೆಡಿಕಲ್ ಓದುವ ಹುಡುಗಿ 2003ರ ಒಂದು ಅಧ್ಯಯನದ ಮಾತು ಹೇಳಿದಳು: ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಅಳೆದಾಗ, ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಕಂಡುಬಂದಿತ್ತು. ಅದನ್ನು ಕೇಳಿದ ಮೇಲೆ ಯಾರೂ ಬತ್ತಿ ಬೇಕೆನ್ನಲಿಲ್ಲ. ವರ್ಗಣಿ ಎತ್ತಿ ಕಿಡಕಿಗಳಿಗೆ ಜಾಳಿಗೆ ಹಾಕಿಸಿದೆವು, ಹಿಂದಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಎದುರುಮನೆಯ ಅಜ್ಜನ ಹತ್ತಿರ ಹೋಗಿ, ಒಂಬತ್ತರ ಮೇಲೆ ಹಾಡಿನ ದನಿ ಇಳಿಸುತ್ತೇವೆ, ಕಿಡಕಿ ತೆರೆದಿಡಲು ಬಿಡ್ರಿ ಎಂದು ಕೇಳಿದೆವು. ‘ಮದ್ಲ ಕೇಳಿದ್ರ ಆಗತಿತ್ತಲ್ಲ’ ಎಂದರು ಅವರು. ಫಿನಾಯಿಲ್ ಈಗ ಮುಂಜಾನೆಯೇ ಆಗುತ್ತದೆ. ಸಂಜೆ ಬರೀ ನೀರಿನ ಒರೆಸು, ಆಮೇಲೆ ಒಣ ಅರಿವೆ.

ನೆಲದ ಸಮಸ್ಯೆ ಎಲ್ಲಕ್ಕಿಂತ ಹೆಚ್ಚು ಕಾಡಿತು, ಯಾಕೆಂದರೆ ಪೌಡರ್ ಬಿಟ್ಟರೆ ಮೊಣಕಾಲಿಗೆ ಪೆಟ್ಟು. ಗೋವಾದಲ್ಲಿ ಕುಣಿದುಬಂದವರು ಸ್ವೇಡ್ ತಳದ ಬೂಟು ತೋರಿಸಿದರು. ಮೆತ್ತನೆಯ ತೊಗಲಿನ ತಳ, ಹಿಡಿಯುವುದೂ ಇಲ್ಲ, ಜಾರುವುದೂ ಇಲ್ಲ. ಆದರೆ ಅದರ ಬೆಲೆ ವಿದ್ಯಾರ್ಥಿಗಳಿಗೆ ಹೊರೆ. ಶಹಾಪುರದ ಕಡೆಯ ಒಬ್ಬ ಚಮ್ಮಾರರಿಗೆ ಹಳೆಯ ಬೂಟು ಒಯ್ದು ಕೊಟ್ಟೆವು. ಅವರು ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, ರಬ್ಬರ್ ತಳವನ್ನು ಉಜ್ಜಿ ಒರಟು ಮಾಡಿ, ತೊಗಲಿನ ಒಳಮಗ್ಗುಲನ್ನು ಹೊರಗೆ ಮಾಡಿ ಅಂಟಿಸಿ, ಅಂಚಿಗೆ ಸುತ್ತ ಹೊಲಿಗೆ ಹಾಕಿದರು. ಕುಣಿಯುವವರು ಪಾದದ ಮುಂಭಾಗದ ಮೇಲೆ ತಿರುಗುತ್ತಾರೆ ಎಂದು ಹೇಳಿದಾಗ, ಹಿಮ್ಮಡಿಗೆ ತೊಗಲು ಬೇಡ, ಅಲ್ಲಿ ರಬ್ಬರೇ ಇರಲಿ ಎಂದು ತಾವೇ ಸೂಚಿಸಿದರು. ಅದು ಎಷ್ಟು ಚೆನ್ನಾಗಿ ಆಯಿತೆಂದರೆ ಈಗ ಗುಂಪಿನ ಅರ್ಧ ಬೂಟುಗಳು ಅವರ ಕೈಯವೇ. ಪೌಡರ್ ಬೇಕು ಎಂಬ ಮಾತು ತಾನಾಗಿ ನಿಂತಿತು. ಮಳೆಗಾಲದಲ್ಲಿ ತಂತಿ ಬ್ರಷ್‌ನಿಂದ ತಳ ಉಜ್ಜಿಕೊಂಡರೆ ಸಾಕು.

ಮೈಯ ಮಾತಿಗೆ ಬಂದರೆ, ಎಲ್ಲರಿಗೂ ಒಂದೇ ವಿನಂತಿ: ಮನೆ ಬಿಟ್ಟ ಮೇಲೆ ಸ್ಪ್ರೇ ಬೇಡ, ಆದಷ್ಟು ಸುಗಂಧ ಕಡಿಮೆ ಇರಲಿ, ಬೆವರಿಗೆ ರೋಲ್-ಆನ್ ಹಚ್ಚ್ರಿ, ಟೀ ಶರ್ಟ್ ಬದಲಿಸ್ರಿ. ಇದನ್ನು ಹೇಳುವವರು ಗುಂಪು ನಡೆಸುವ ಇಬ್ಬರು ಮಾತ್ರ, ಪ್ರತಿ ಹೊಸಬರಿಗೂ, ಸ್ನಾನದ ಮಾತಿನ ಜೊತೆಗೇ. ಅಕ್ಕಾನ ಹೆಸರು ಅದರಲ್ಲಿ ಬರುವುದಿಲ್ಲ. ‘ನಮ್ಮಲ್ಲಿ ಉಸಿರಾಟದ ತೊಂದರೆ ಇದ್ದವರು, ತಲೆನೋವಿನವರು ಇದ್ದಾರೆ’ ಎಂದಷ್ಟೇ. ಅದು ನಿಜವೂ ಹೌದು. ವಿಷಯ ಹೊರಬಂದ ಮೇಲೆ ಅರ್ಧತಲೆನೋವಿನ ಹುಡುಗ, ಸೈನ್ಯದ ಮನೆಯ ಒಬ್ಬ ತಾಯಿ, ಹೀಗೆ ಇನ್ನೂ ಕೆಲವರು ತಮ್ಮ ತ್ರಾಸು ಹೇಳಿಕೊಂಡರು. ಯಾರೂ ಯಾರನ್ನೂ ಮೂಸುವಂತಿಲ್ಲ. ತೊಂದರೆಯಾದರೆ ನಮಗೆ ಹೇಳಬೇಕು, ನಾವು ಆ ವ್ಯಕ್ತಿಯನ್ನು ಪಕ್ಕಕ್ಕೆ ಕರೆದು ಮಾತಾಡುತ್ತೇವೆ.

ಕುಣಿತಕ್ಕೆ ಕರೆದಾಗ ಕಾರಣ ಹೇಳದೆ ಬೇಡವೆನ್ನುವ ಹಕ್ಕು ಸಾಮಾಜಿಕ ನೃತ್ಯದಲ್ಲಿ ಮೊದಲಿನಿಂದ ಇದೆ. ಅದನ್ನು ಈಗ ಪ್ರತಿ ವಾರ ದೊಡ್ಡದಾಗಿ ಹೇಳುತ್ತೇವೆ. ತೊಡಕಿದ್ದದ್ದು ರುಯೇದಾದಲ್ಲಿ. ಅದು ವರ್ತುಲವಾಗಿ ನಿಂತು, ಕೂಗು ಬಿದ್ದಾಗಲೆಲ್ಲ ಜೋಡಿ ಬದಲಿಸುವ ಕ್ಯೂಬಾದ ಬಗೆ. ಅಲ್ಲಿ ಯಾರ ಕೈ ಸಿಗುತ್ತದೋ ಹಿಡಿಯಲೇಬೇಕು. ಅಕ್ಕಾಗೆ ರುಯೇದಾ ಅಂದರೆ ಜೀವ. ಈಗ ಅದನ್ನು ಸಂಜೆಯ ಮೊದಲಿಗೇ ಮಾಡುತ್ತೇವೆ, ಕಿಡಕಿಗಳ ಪಕ್ಕ, ಹಾಲ್ ಇನ್ನೂ ಬಿಸಿಯಾಗುವ ಮುಂಚೆ. ನಡುವೆ ಬಿಟ್ಟು ಹೋಗಬೇಕಾದವರು ಕೈ ಮೇಲೆತ್ತಿದರೆ ವರ್ತುಲ ಮುಚ್ಚಿಕೊಳ್ಳುತ್ತದೆ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಅಕ್ಕಾ ಹೊರಗೆ ಹೋದರೆ ಒಬ್ಬರು ಅವರ ಹಿಂದೆಯೇ ಹೋಗುತ್ತಾರೆ. ಯಾರು ಎಂಬುದು ಪ್ರತಿ ವಾರ ಮೊದಲೇ ಗೊತ್ತಿರುತ್ತದೆ. ಪಂಪ್ ಈಗ ಅವರ ಸೊಂಟದ ಸಣ್ಣ ಚೀಲದಲ್ಲಿರುತ್ತದೆ, ಇನ್ನೊಂದು ನಮ್ಮ ಮ್ಯೂಸಿಕ್ ಮೇಜಿನ ಡ್ರಾವರಿನಲ್ಲಿ. ಡಾಕ್ಟರು ಬರೆದುಕೊಟ್ಟ ಕ್ರಮದ ಪ್ರತಿ ಅದರ ಜೊತೆಗೇ ಇದೆ: ನೆಟ್ಟಗೆ ಕೂರಿಸುವುದು, ಮಲಗಿಸಬಾರದು, ಎಷ್ಟು ಸಲ ಪಂಪ್, ಎಷ್ಟು ಹೊತ್ತು ಕಾಯುವುದು, ಇಳಿಯದಿದ್ದರೆ 108.

ಅಕ್ಕಾನಿಂದ ಕೇಳಿಕೊಂಡದ್ದು

ಹೊಂದಾಣಿಕೆ ಒಂದೇ ಕಡೆಯಿಂದ ಆಗಲಿಲ್ಲ. ಬಾಗಿಲ ಕೆಲಸ ಬಿಡುವುದು, ಕೇಳದೆ ಯಾರಿಗೂ ಪಥ್ಯ ಹೇಳದಿರುವುದು, ಕರ್ಪೂರದ ಪೊಟ್ಟಣ ಹಾಲ್‌ಗೆ ತಾರದಿರುವುದು, ಆರೋಗ್ಯದ ಸಂದೇಶಗಳನ್ನು ಗುಂಪಿಗೆ ಕಳಿಸದಿರುವುದು, ಇವನ್ನು ಅವರಿಗೆ ಹೇಳಿದೆವು. ಅವರಿಗೆ ನೋವಾಯಿತು. ‘ಒಳ್ಳೇದಕ್ಕ ಹೇಳಿದ್ರೂ ತಪ್ಪೇನು?’ ಎಂದರು. ಅರ್ಧತಲೆನೋವಿನ ಹುಡುಗನೇ ಎದುರು ಕೂತು, ಆ ವಾಸನೆಗೆ ತನಗೇನಾಯಿತು ಎಂದು ಹೇಳಿದ. ಅಕ್ಕಾ ಅವನ ಕೈ ಹಿಡಿದುಕೊಂಡು, ‘ಅವತ್ತ ಯಾಕ ಹೇಳಲಿಲ್ಲೋ ತಮ್ಮಾ’ ಎಂದರು. ಆಮೇಲೆ ಪೊಟ್ಟಣ ಮತ್ತೆ ಬರಲಿಲ್ಲ. ಪಥ್ಯದ ಮಾತು ಮಾತ್ರ ಈಗಲೂ ಆಗೊಮ್ಮೆ ಈಗೊಮ್ಮೆ ತಪ್ಪಿ ಬರುತ್ತದೆ. ಯಾರಾದರೂ ‘ಅಕ್ಕಾ’ ಎಂದು ಎಚ್ಚರಿಸಿದರೆ ನಿಲ್ಲಿಸುತ್ತಾರೆ.

ಅವರ ಆ ಶಕ್ತಿಗೆ ಬೇರೆ ಕೆಲಸವೂ ಬೇಕಿತ್ತು. ಹೊಸ ಹುಡುಗಿಯರ ಮನೆಯವರ ಜೊತೆ ಮಾತಾಡುವ ಹೊಣೆಯನ್ನು ಈಗ ಪೂರ್ತಿಯಾಗಿ ಅವರಿಗೇ ಒಪ್ಪಿಸಿದ್ದೇವೆ. ಮೊದಲು ತಾವಾಗಿ ಮಾಡುತ್ತಿದ್ದದ್ದು ಈಗ ಎಲ್ಲರೂ ಒಪ್ಪಿ ಕೊಟ್ಟ ಜವಾಬ್ದಾರಿ. ಅದನ್ನು ಅವರಷ್ಟು ಚೆನ್ನಾಗಿ ಮಾಡುವವರು ನಮ್ಮಲ್ಲಿ ಬೇರೆ ಇಲ್ಲ.

ಆಮೇಲೆ

ಫೌಂಡ್ರಿಯ ಹುಡುಗ ಮರಳಿ ಬಂದ. ಹಾಲ್ ಪಕ್ಕದ ನಳದಲ್ಲಿ ಕೈಕಾಲು ಮುಖ ತೊಳೆದು, ಶರ್ಟ್ ಬದಲಿಸಿ ಒಳಗೆ ಬರುತ್ತಾನೆ. ಅವನೊಬ್ಬನ ಸಲುವಾಗಿ ಒಂದು ಸುಗಂಧವಿಲ್ಲದ ಸಾಬೂನು, ಪಂಜೆ ಅಲ್ಲಿ ಇಟ್ಟೆವು, ಈಗ ಎಲ್ಲರೂ ಬಳಸುತ್ತಾರೆ. ಅತ್ತರಿನ ಹುಡುಗನ ಮನೆಗೆ ಅಕ್ಕಾ ತಾವೇ ಹೋಗಿ ಮಾತಾಡಿದರು. ಹಬ್ಬದ ದಿನ ಅವನು ಅತ್ತರು ಹಚ್ಚಿಕೊಂಡೇ ಬರುತ್ತಾನೆ, ಅಂದು ಅವರಿಬ್ಬರೂ ಜೊತೆಗೆ ಕುಣಿಯುವುದಿಲ್ಲ, ದೂರದಿಂದಲೇ ಮಾತಾಡಿಸುತ್ತಾರೆ. ಮಲ್ಲಿಗೆಯ ಹುಡುಗಿ ಬರಲಿಲ್ಲ. ಅಕ್ಕಾ ಎರಡು ಸಲ ಫೋನ್ ಮಾಡಿದರು, ನಾನೂ ಮಾಡಿದೆ. ಅವಳು ಸೌಮ್ಯವಾಗಿ ಮಾತಾಡಿದಳು, ಬರುವ ಮಾತು ಆಡಲಿಲ್ಲ. ಅವಳ ಮಟ್ಟಿಗೆ ನಮ್ಮ ಪರಿಹಾರ ತಡವಾಗಿ ಬಂತು.

ಚಳಿಗಾಲದಲ್ಲಿ ಅಕ್ಕಾಗೆ ಇನ್ನೊಮ್ಮೆ ದಮ್ಮು ಎದ್ದಿತು. ಹಾಲ್ ಕೆಳಗೆ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು, ತೆರೆದ ಕಿಡಕಿಗಳಿಂದ ಹೊಗೆ ಮೇಲೆ ಬಂತು. ಗಾಳಿಗೆಂದು ತೆರೆದಿಟ್ಟ ಕಿಡಕಿಯಿಂದಲೇ ಹೊಗೆ ಬರಬಹುದು ಎಂಬುದು ನಮ್ಮ ಲೆಕ್ಕದಲ್ಲಿರಲಿಲ್ಲ. ಆದರೆ ಅವರು ಬಾಗಿಲು ದಾಟುವ ಮೊದಲೇ ಪಾಳಿಯ ಹುಡುಗಿ ಪಕ್ಕದಲ್ಲಿದ್ದಳು. ಕಾಗದದಲ್ಲಿ ಇದ್ದಂತೆ ಪಂಪ್ ಕೊಟ್ಟಳು, ಹೆಜ್ಜೆ ಹೇಳಿಕೊಡುವ ಹುಡುಗ ಹಾಡು ನಿಲ್ಲಿಸಿದ, ಇಬ್ಬರು ಕೆಳಗೆ ಓಡಿಹೋಗಿ ಬೆಂಕಿ ಆರಿಸಿದರು. ಅರ್ಧ ತಾಸಿನಲ್ಲಿ ಅಕ್ಕಾ ಕುರ್ಚಿಯ ಮೇಲೆ ಕೂತು ಹೊಸಬರ ಹೆಜ್ಜೆ ತಿದ್ದುತ್ತಿದ್ದರು. ಅದರ ಮರುದಿನ ಯಾವ ಸಂದೇಶವೂ ಬರಲಿಲ್ಲ, ಯಾವ ಪಟ್ಟಿಯೂ ಬರಲಿಲ್ಲ.

ಮುಂದಿರುವುದು ನವರಾತ್ರಿ. ಓಣಿಯ ಮಂಡಳದವರು ದಾಂಡಿಯಾಕ್ಕೆ ನಮ್ಮ ಗುಂಪನ್ನೂ ಕರೆದಿದ್ದಾರೆ. ಅದು ನಮ್ಮ ಹಾಲ್ ಅಲ್ಲ, ನಮ್ಮ ನಿಯಮ ಅಲ್ಲಿ ನಡೆಯುವುದಿಲ್ಲ. ಮಂಡಳದ ಅಣ್ಣಂದಿರ ಜೊತೆ ಮಾತಾಡಿದೆವು. ಆರತಿ ಮುಗಿದು ಧೂಪದ ಹೊಗೆ ಇಳಿದ ಮೇಲೆ ನಮ್ಮ ಸುತ್ತು ಇಡಲು ಒಪ್ಪಿದರು, ಮೈದಾನದ ತೆರೆದ ಮಗ್ಗುಲಲ್ಲಿ ಜಾಗ ಕೊಡಲೂ ಒಪ್ಪಿದರು. ಪಟಾಕಿಯ ಮಾತಿಗೆ ಮಾತ್ರ ಒಪ್ಪಲಿಲ್ಲ, ಅದು ಅವರ ಕೈಯಲ್ಲೂ ಇಲ್ಲ. ಆ ದಿನದ ಗಾಳಿ ನೋಡಿ ಬರುವುದು ಬಿಡುವುದನ್ನು ನಿರ್ಧರಿಸುತ್ತೇನೆ ಎಂದು ಅಕ್ಕಾ ಹೇಳಿದ್ದಾರೆ. ಅವರ ಜೊತೆಗಿರುವವರ ಪಾಳಿಯನ್ನು ಒಂಬತ್ತು ರಾತ್ರಿಗೂ ಈಗಲೇ ಬರೆದಿಟ್ಟಿದ್ದೇವೆ.